ಮೂರನೇ ಚಮಚ ಕೋಸಂಬರಿ ಎದೆಯಲ್ಲಿ ನಿಂತಾಗ: ತೂಕ ಇಳಿಸುವ ಆಪರೇಷನ್ ನಂತರ ಗಟ್ಟಿ ಊಟದ ದೋಷ ಪತ್ತೆ

2024ರ ಏಪ್ರಿಲ್ 17, ರಾಮನವಮಿ. ನನಗೆ ಗ್ಯಾಸ್ಟ್ರಿಕ್ ಬೈಪಾಸ್ ಆಗಿ ಅವತ್ತಿಗೆ ಮೂರು ತಿಂಗಳು. ಮಂಡ್ಯದ ಮನೆಯಲ್ಲಿ ಪೂಜೆ ಮುಗಿದು ಪಾನಕ, ಕೋಸಂಬರಿ, ನೀರುಮಜ್ಜಿಗೆ ಹಂಚುತ್ತಿದ್ದೆವು. ಬೆಳಗಿನಿಂದ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ, ಅರ್ಧ ಲೋಟ ಪಾನಕ ಕುಡಿದೆ. ಆಮೇಲೆ ಬಂದವರಿಗೆ ದೊನ್ನೆ ಕೊಡುತ್ತಾ, ನಿಂತುಕೊಂಡೇ ಕೋಸಂಬರಿ ಬಾಯಿಗೆ ಹಾಕಿಕೊಂಡೆ. ಮೂರನೇ ಚಮಚಕ್ಕೆ ಬಿಕ್ಕಳಿಕೆ ಬಂತು. ಮೂಗು ಸೋರತೊಡಗಿತು. ಎದೆಗೂಡಿನ ನಡುವೆ ಯಾರೋ ಹೆಬ್ಬೆರಳಿಟ್ಟು ಒತ್ತಿ ಹಿಡಿದ ಹಾಗೆ. ಬಾಯಿತುಂಬ ಜೊಲ್ಲು. ಅದನ್ನು ತಡೆದುಕೊಳ್ಳುವಷ್ಟರಲ್ಲಿ ಎದೆ ಡವಡವ ಹೊಡೆದುಕೊಂಡಿತು, ಕತ್ತಿನ ಹಿಂದೆ ತಣ್ಣನೆ ಬೆವರು, ಕಾಲಲ್ಲಿ ತ್ರಾಣವೇ ಇಲ್ಲ. ಅತ್ತೆ ಚಾಪೆ ಹಾಸಿ ಮಲಗಿಸಿ, ಬೀಸಣಿಗೆ ಬೀಸುತ್ತಾ ಅಂದರು: "ಈ ಹಸೀಬೇಳೆ ನಿಂಗೆ ಆಗಾಕಿಲ್ಲ ಕಣವ್ವ. ಇನ್ಮೇಲೆ ಮುಟ್ಟಬ್ಯಾಡ."

ನಾನೂ ಹಾಗೇ ನಂಬಿದೆ. ಎರಡು ತಿಂಗಳು ತರಕಾರಿ ಎಂಬುದರ ಹತ್ತಿರ ಸುಳಿಯಲಿಲ್ಲ. ಮಲಬದ್ಧತೆ ಹಿಡಿಯಿತು, ಊಟ ಅಂದರೆ ಭಯ ಶುರುವಾಯಿತು. ಜೂನ್‌ನಲ್ಲಿ ಚೆಕಪ್‌ಗೆ ಹೋದಾಗ ಡಯಟೀಷಿಯನ್ ಮೇಡಂ ಏನು ತಿಂದಿರಿ ಎಂದು ಕೇಳಲಿಲ್ಲ. "ಎಷ್ಟು ಹೊತ್ತಿಗೆ ಏನಾಯ್ತು, ಹೇಳಿ" ಎಂದರು. ನನಗೆ ನೆನಪಿರಲಿಲ್ಲ, ಆದರೆ ಮೊಬೈಲಿನಲ್ಲಿ ಹಬ್ಬದ ಫೋಟೊಗಳಿದ್ದವು. ಪಾನಕದ ಲೋಟ ಹಿಡಿದ ಫೋಟೊ 12 ಗಂಟೆ 8 ನಿಮಿಷಕ್ಕೆ. ದೊನ್ನೆ ಹಿಡಿದು ನಿಂತದ್ದು 12.19ಕ್ಕೆ. ನಾನು ಚಾಪೆಯ ಮೇಲೆ ಮಲಗಿದ್ದಾಗ ಗಾಬರಿಯಾದ ಮಗಳು ಅಪ್ಪನಿಗೆ ಫೋನ್ ಮಾಡಿದ್ದು 12.31ಕ್ಕೆ. ಮೇಡಂ ಒಂದು ಚೀಟಿಯ ಮೇಲೆ ಮೂರೂ ಹೊತ್ತನ್ನು ಬರೆದು ಎರಡು ಗೆರೆ ಎಳೆದರು. ಬಿಕ್ಕಳಿಕೆ, ಜೊಲ್ಲು, ಎದೆಯೊತ್ತು ಎಲ್ಲ ತುತ್ತಿನ ಜೊತೆಗೇ ಬಂದದ್ದು, ಅದು ಕೋಸಂಬರಿಯದ್ದು. ಬೆವರು, ಡವಡವ, ನಿತ್ರಾಣ ಎಲ್ಲ ಪಾನಕ ಕುಡಿದ ಇಪ್ಪತ್ತು ನಿಮಿಷಕ್ಕೆ ಬಂದದ್ದು, ಅದು ಬೆಲ್ಲದ್ದು. ಎರಡು ಬೇರೆ ದೋಷಗಳು ಒಂದರ ಮೇಲೊಂದು ಬಿದ್ದಿದ್ದವು, ನಾವು ಎರಡನ್ನೂ ಬೇಳೆಯ ತಲೆಗೆ ಕಟ್ಟಿದ್ದೆವು.

ಈ ಬರಹ ಆ ಚೀಟಿಯಿಂದ ಹುಟ್ಟಿದ್ದು. ತಿಂದದ್ದು ಒಗ್ಗದಿದ್ದಾಗ ಪದಾರ್ಥವನ್ನು ದೂರುವ ಮುಂಚೆ ಗಡಿಯಾರ ನೋಡಿ. ಎಷ್ಟು ಹೊತ್ತಿಗೆ ತೊಂದರೆ ಬಂತು ಎಂಬುದೇ ತೊಂದರೆ ಎಲ್ಲಿದೆ ಎಂಬುದನ್ನು ಮುಕ್ಕಾಲು ಪಾಲು ಹೇಳಿಬಿಡುತ್ತದೆ.

ಮನೆಯಲ್ಲಿ ಹುಡುಕಬಾರದ ದೋಷಗಳು

ಮುಂದಕ್ಕೆ ಓದುವ ಮುಂಚೆ ಇಷ್ಟನ್ನು ನೋಡಿಕೊಳ್ಳಿ. ಕುಡಿದ ನೀರೂ ನಿಲ್ಲದೆ ವಾಪಸ್ ಬರುತ್ತಿದ್ದರೆ, ಸ್ವಂತ ಉಗುಳನ್ನೂ ನುಂಗಲಾಗದಿದ್ದರೆ, ವಾಂತಿಯಲ್ಲಿ ರಕ್ತವೋ ಕಾಫಿಪುಡಿಯಂಥ ಕಪ್ಪೋ ಕಂಡರೆ, ಸೀದಾ ಆಸ್ಪತ್ರೆಗೆ ಹೋಗಿ. ಮಲ ಟಾರಿನಂತೆ ಕಪ್ಪಾಗಿ ಅಂಟಂಟಾದರೂ ಅಷ್ಟೇ. ಕಬ್ಬಿಣದ ಮಾತ್ರೆಯಿಂದಲೂ ಮಲ ಕಪ್ಪಾಗುತ್ತದೆ, ನಿಜ. ಆದರೆ ಎರಡನ್ನೂ ಬೇರೆ ಮಾಡಿ ಹೇಳುವ ಕೆಲಸ ಡಾಕ್ಟರದ್ದು.

ಆಪರೇಷನ್ ಆದ ಮೊದಲ ಕೆಲವು ವಾರಗಳಲ್ಲಿ ಜ್ವರ, ನಿಮಿಷಕ್ಕೆ 120 ದಾಟಿದ ನಾಡಿ, ಹೊಟ್ಟೆಯಿಂದ ಎಡ ಭುಜಕ್ಕೆ ಏರುವ ನೋವು ಬಂದರೆ ಹೊಲಿಗೆ ಸೋರುತ್ತಿರಬಹುದು. ಒಂದು ಗಂಟೆಯೂ ಕಾಯಬೇಡಿ. ಬೈಪಾಸ್ ಆದವರಿಗೆ ತಿಂಗಳುಗಳೋ ವರ್ಷಗಳೋ ಕಳೆದ ಮೇಲೂ ಕರುಳು ಒಳಗಿನ ಸಂದಿಯಲ್ಲಿ ಸಿಕ್ಕಿಕೊಳ್ಳುವ ಅಪಾಯ ಇದ್ದೇ ಇರುತ್ತದೆ. ಹಿಂಡಿದಂತೆ ಬಂದು ಹೋಗುವ ತೀವ್ರ ಹೊಟ್ಟೆನೋವು ಅದರ ಗುರುತು. ಅದಕ್ಕೆ ಗ್ಯಾಸ್ ಮಾತ್ರೆ ನುಂಗಿ ರಾತ್ರಿ ಕಳೆಯಬೇಡಿ.

ಇನ್ನೊಂದನ್ನು ಒತ್ತಿ ಹೇಳಬೇಕು, ಏಕೆಂದರೆ ನಮ್ಮ ಊರುಗಳಲ್ಲಿ ಇದು ದಿನಾ ನಡೆಯುವಂಥದ್ದು. ನಾಲ್ಕಾರು ದಿನ ವಾಂತಿಯಾಗಿ ಸುಸ್ತಾದರೆ ಹತ್ತಿರದ ಕ್ಲಿನಿಕ್‌ಗೆ ಹೋಗಿ ಗ್ಲೂಕೋಸ್ ಡ್ರಿಪ್ ಹಾಕಿಸಿಕೊಂಡು ಬರುತ್ತೇವೆ. ದೇಹದಲ್ಲಿ ಥಯಮಿನ್, ಅಂದರೆ ಬಿ1 ವಿಟಮಿನ್, ಎರಡು ಮೂರು ವಾರಕ್ಕಾಗುವಷ್ಟೇ ದಾಸ್ತಾನು ಇರುತ್ತದೆ. ಊಟವಿಲ್ಲದೆ ವಾಂತಿಯೇ ಆಗುತ್ತಿದ್ದರೆ ಅದು ಬರಿದಾಗುತ್ತದೆ. ಬರಿದಾದವರಿಗೆ ಥಯಮಿನ್ ಇಲ್ಲದೆ ಗ್ಲೂಕೋಸ್ ಏರಿಸಿದರೆ ಮೆದುಳಿಗೆ ಪೆಟ್ಟು ಬೀಳಬಹುದು. ನೋಟ ಎರಡೆರಡಾಗಿ ಕಾಣುವುದು, ನಡಿಗೆ ತಪ್ಪುವುದು, ಮಾತಿನಲ್ಲಿ ಗೊಂದಲ ಇದರ ಲಕ್ಷಣ. "ನನಗೆ ಗ್ಯಾಸ್ಟ್ರಿಕ್ ಬೈಪಾಸ್ ಆಗಿದೆ, ವಾಂತಿಯಾಗಿ ಇಷ್ಟು ದಿನವಾಯಿತು, ಮೊದಲು ಥಯಮಿನ್ ಕೊಡಿ" ಎಂದು ನೀವೇ ಬಾಯಿಬಿಟ್ಟು ಹೇಳಿ. ಸ್ಲೀವ್, ಅಂದರೆ ಜಠರದ ಬಹುಭಾಗ ತೆಗೆಯುವ ಇನ್ನೊಂದು ಬಗೆಯ ತೂಕ ಇಳಿಸುವ ಆಪರೇಷನ್, ಆದವರಿಗೂ ಈ ಮಾತು ಅನ್ವಯ. ನನ್ನ ಪರ್ಸಿನಲ್ಲಿ ಇದನ್ನು ಬರೆದ ಚೀಟಿ ಇವತ್ತಿಗೂ ಇದೆ.

ಒಳಗೆ ಏನು ಬದಲಾಗಿದೆ

ಬೈಪಾಸ್‌ನಲ್ಲಿ ಜಠರದ ಮೇಲ್ತುದಿಯಲ್ಲಿ ಸುಮಾರು 30 ಮಿಲಿ ಹಿಡಿಯುವ ಪುಟ್ಟ ಚೀಲ ಮಾಡಿ, ಸಣ್ಣಕರುಳನ್ನು ಕತ್ತರಿಸಿ ಮೇಲಕ್ಕೆ ತಂದು ಅದಕ್ಕೆ ಹೊಲಿಯುತ್ತಾರೆ. ಆ ಹೊಲಿಗೆಯ ಬಾಯಿ ಒಂದರಿಂದ ಒಂದೂವರೆ ಸೆಂಟಿಮೀಟರ್. ಹೆಚ್ಚೂಕಡಿಮೆ ನಿಮ್ಮ ಕಿರುಬೆರಳಿನ ಉಗುರಿನಷ್ಟು ಅಗಲ. ಸ್ಲೀವ್‌ನಲ್ಲಿ ಜಠರದ ಮುಕ್ಕಾಲು ಭಾಗಕ್ಕೂ ಹೆಚ್ಚನ್ನು ತೆಗೆದು ಬಾಳೆಹಣ್ಣಿನಂಥ ಒಂದು ಕೊಳವೆ ಉಳಿಸುತ್ತಾರೆ. ಜಠರದ ಕೆಳಬಾಗಿಲು ಸ್ಲೀವ್‌ನಲ್ಲಿ ಇದ್ದಲ್ಲೇ ಇರುತ್ತದೆ. ಬೈಪಾಸ್‌ನಲ್ಲಿ ಅದು ಊಟದ ದಾರಿಯಿಂದಲೇ ಹೊರಗಾಗುತ್ತದೆ. ಸಿಹಿ ತಿಂದು ಬೆವರುವ ಕಾಟ ಬೈಪಾಸ್ ಆದವರಿಗೆ ಹೆಚ್ಚಾಗಿರುವುದು ಇದರಿಂದಲೇ.

ಹಳೇ ಜಠರ ಒರಳಿನಂತೆ ಕೆಲಸ ಮಾಡುತ್ತಿತ್ತು. ಅರೆಬರೆ ಅಗಿದು ನುಂಗಿದ್ದನ್ನೂ ಅದು ರುಬ್ಬಿ ನುಣ್ಣಗೆ ಮಾಡಿ ಕೆಳಕ್ಕೆ ಬಿಡುತ್ತಿತ್ತು. ಈಗ ಆ ಒರಳು ದಾರಿಯಲ್ಲಿಲ್ಲ, ಇದ್ದರೂ ಸಣ್ಣದಾಗಿದೆ. ರುಬ್ಬುವ ಕೆಲಸವೆಲ್ಲ ಹಲ್ಲಿನ ಮೇಲೆ ಬಿದ್ದಿದೆ.

ಸಾಮಾನ್ಯವಾಗಿ ಮೊದಲ ಎರಡು ವಾರ ದ್ರವ, ಆಮೇಲೆ ಎರಡು ವಾರ ನುಣ್ಣಗೆ ರುಬ್ಬಿದ್ದು, ಆಮೇಲೆ ಕಿವುಚಿದ ಮೆತ್ತನೆಯದು, ಆರರಿಂದ ಎಂಟು ವಾರದ ಹೊತ್ತಿಗೆ ಗಟ್ಟಿ ಊಟ, ಎರಡು ಮೂರು ತಿಂಗಳಾದ ಮೇಲೆ ಹಸಿ ತರಕಾರಿ. ಆಸ್ಪತ್ರೆಯಿಂದ ಆಸ್ಪತ್ರೆಗೆ ವಾರಗಳು ಹಿಂದುಮುಂದಾಗುತ್ತವೆ. ನಿಮ್ಮ ಸರ್ಜನ್ ಕೊಟ್ಟ ಪಟ್ಟಿ ಬೇರೆ ಇದ್ದರೆ ಅದೇ ನಿಮಗೆ ಪ್ರಮಾಣ.

ತುತ್ತಿನ ಜೊತೆಗೇ ಬಂದ ತೊಂದರೆ

ತಿನ್ನುತ್ತಿರುವಾಗಲೇ ಅಥವಾ ತಿಂದ ಐದು ನಿಮಿಷದೊಳಗೆ ಬಿಕ್ಕಳಿಕೆ, ಸೀನು, ಮೂಗು ಸೋರುವುದು, ಎದೆಮೂಳೆಯ ಹಿಂದೆ ಒತ್ತು, ಆಮೇಲೆ ನೊರೆನೊರೆಯಾದ ಲೋಳೆ ಬಂದರೆ ತುತ್ತು ದಾರಿಯಲ್ಲಿ ನಿಂತಿದೆ ಎಂದರ್ಥ. ಬಿಕ್ಕಳಿಕೆ ಮತ್ತು ಮೂಗು ಮೊದಲ ಸೂಚನೆಗಳು. ಅವು ಬಂದಾಗಲೇ ಚಮಚ ಕೆಳಗಿಟ್ಟರೆ ಹತ್ತರಲ್ಲಿ ಒಂಬತ್ತು ಸಲ ಮುಂದಿನದು ಬರುವುದೇ ಇಲ್ಲ. ಇದು ನನ್ನ ಡೈರಿಯ ಲೆಕ್ಕ.

ನಿಂತುಬಿಟ್ಟರೆ ಎದ್ದು ನಿಧಾನವಾಗಿ ಓಡಾಡಿ. ಲೋಳೆ ಬಂದರೆ ಉಗುಳಿ, ನುಂಗಬೇಡಿ. ನೀರು ಕುಡಿಯಬೇಡಿ. ಕೆಳಗೆ ದಾರಿ ಕಟ್ಟಿದಾಗ ಮೇಲೆ ಸುರಿದ ನೀರು ಎದೆಯಲ್ಲೇ ನಿಂತು ಒತ್ತು ಹೆಚ್ಚಿಸುತ್ತದೆ. ಮೀನಿನ ಮುಳ್ಳು ಚುಚ್ಚಿದಾಗ ಅನ್ನದ ಉಂಡೆಯನ್ನೋ ಬಾಳೆಹಣ್ಣನ್ನೋ ಅಗಿಯದೆ ನುಂಗಿಸುವ ಪದ್ಧತಿ ನಮ್ಮ ಮನೆಗಳಲ್ಲಿದೆ. ನಮ್ಮ ಅತ್ತೆಯೂ ಅವತ್ತು ಪ್ರೀತಿಯಿಂದ ಬಾಳೆಹಣ್ಣು ಸುಲಿದು ತಂದಿದ್ದರು. ದಯವಿಟ್ಟು ಅದು ಬೇಡ. ಉಗುರಗಲದ ಬಾಗಿಲಿಗೆ ಅದು ಎರಡನೇ ಬೀಗ. ಸೋಡಾ, ಕೋಲಾ ಕೂಡ ಬೇಡ. ಬಹಳ ಸಲ ಅರ್ಧ ಗಂಟೆ, ಒಂದು ಗಂಟೆಯಲ್ಲಿ ತಾನೇ ಇಳಿಯುತ್ತದೆ ಅಥವಾ ವಾಪಸ್ ಬರುತ್ತದೆ. ಇಳಿದ ಮೇಲೆ ಆ ಜಾಗ ಊದಿಕೊಂಡಿರುತ್ತದೆ, ಆದ್ದರಿಂದ ಒಂದು ದಿನ ಬರೀ ದ್ರವದಲ್ಲೇ ಇರಿ. ಸ್ವಲ್ಪ ಆರಾಮಾಯಿತು ಎಂದು ಅದೇ ರಾತ್ರಿ ಚಪಾತಿಗೆ ಕೈಹಾಕಿದರೆ ಮತ್ತೆ ಸಿಕ್ಕಿಕೊಳ್ಳುತ್ತದೆ. ನಾನು ಅದನ್ನೂ ಮಾಡಿ ನೋಡಿದ್ದೇನೆ. ಕೆಲವು ಗಂಟೆಯಾದರೂ ಸರಿಹೋಗದಿದ್ದರೆ ಎಂಡೋಸ್ಕೋಪಿ ಮಾಡಿ ತೆಗೆಯಬೇಕಾಗಬಹುದು.

ಈಗ ಕಾರಣ ಹುಡುಕುವುದು. ಇಲ್ಲಿ ಕ್ರಮ ಮುಖ್ಯ. ವೇಗ, ತುತ್ತಿನ ಗಾತ್ರ, ತೇವ, ಎಲ್ಲಕ್ಕೂ ಕೊನೆಗೆ ಪದಾರ್ಥ.

ವೇಗ ಅಂದರೆ ಅಗಿಯುವುದು. ಕಡಲೆಕಾಳಿನ ಗಾತ್ರದ ತುತ್ತು, ಇಪ್ಪತ್ತರಿಂದ ಮೂವತ್ತು ಸಲ ಅಗಿತ, ನುಂಗಿದ ಮೇಲೆ ಚಮಚ ಕೆಳಗಿಟ್ಟು ಒಂದು ಗಳಿಗೆ ಬಿಡುವು. ಕೈಯಲ್ಲಿ ಕಲಸಿ ಉಣ್ಣುವ ನಮಗೆ ಇದು ಕಷ್ಟ, ಏಕೆಂದರೆ ಮುಂದಿನ ತುತ್ತು ಬೆರಳ ತುದಿಯಲ್ಲಿ ಯಾವಾಗಲೂ ತಯಾರಾಗಿರುತ್ತದೆ. ನಾನು ಮೊದಲ ಆರು ತಿಂಗಳು ಮಗುವಿನ ಚಮಚದಲ್ಲಿ ಉಂಡೆ. ಒಂದು ಊಟ ಇಪ್ಪತ್ತರಿಂದ ಮೂವತ್ತು ನಿಮಿಷ. ನಿಂತು ತಿಂದದ್ದು, ಮಾತಾಡುತ್ತಾ ತಿಂದದ್ದು, ಟಿವಿ ಮುಂದೆ ತಿಂದದ್ದು ನನ್ನ ಡೈರಿಯಲ್ಲಿ ಸಿಕ್ಕಿಕೊಂಡ ಊಟಗಳ ಪಕ್ಕದಲ್ಲೇ ಇವೆ. ಹಲ್ಲನ್ನೂ ನೋಡಿಕೊಳ್ಳಿ. ದವಡೆ ಹಲ್ಲು ಬಿದ್ದಿದ್ದರೆ, ಕಟ್ಟಿಸಿದ ಹಲ್ಲು ಸಡಿಲವಾಗಿದ್ದರೆ ಎಷ್ಟು ಸಲ ಅಗಿದರೂ ಪ್ರಯೋಜನವಿಲ್ಲ. ಈ ಚಿಕ್ಕ ಕಾರಣವನ್ನು ಯಾರೂ ಕೇಳುವುದೇ ಇಲ್ಲ.

ತೇವ. ಒಣಗಿದ್ದು ನಿಲ್ಲುತ್ತದೆ, ಒದ್ದೆಯಾದದ್ದು ಜಾರುತ್ತದೆ. ನಿನ್ನೆಯ ಕೋಳಿ ಪಲ್ಯವನ್ನು ಮೈಕ್ರೋವೇವ್‌ನಲ್ಲಿ ಬಿಸಿ ಮಾಡಿದರೆ ರಬ್ಬರಿನಂತಾಗುತ್ತದೆ. ಅದೇ ಕೋಳಿಯನ್ನು ಕೈಮಾ ಮಾಡಿ ಸಾರಿನಲ್ಲಿ ಬೇಯಿಸಿದರೆ ನನಗೆ ಒಂದು ದಿನವೂ ತೊಂದರೆಯಾಗಿಲ್ಲ. ಆದರೆ ತೇವ ಬೇರೆ, ಕುಡಿಯುವುದು ಬೇರೆ. ಊಟದ ನಡುವೆ ನೀರು ಬೇಡ, ಊಟ ಮುಗಿದ ಅರ್ಧ ಗಂಟೆಯ ನಂತರ ಗುಟುಕು ಗುಟುಕಾಗಿ ಕುಡಿಯಿರಿ. ದಿನಕ್ಕೆ ಒಂದೂವರೆ ಲೀಟರ್ ಮುಟ್ಟಲೇಬೇಕು, ಅದು ಊಟದ ಹೊರಗೆ.

ಮೆತ್ತಗಿರುವುದೆಲ್ಲ ಸುಲಭ ಎಂಬುದು ಸುಳ್ಳು. ಮೃದುವಾದ ಚಪಾತಿ, ಬ್ರೆಡ್, ಸೆಟ್ ದೋಸೆ ಬಾಯಲ್ಲಿ ಅಗಿದ ಮೇಲೆ ಮತ್ತೆ ಹಿಟ್ಟಿನ ಉಂಡೆಯಾಗಿ ಕೂರುತ್ತವೆ. ತೆಳ್ಳಗೆ ಗರಿಗರಿಯಾದ ದೋಸೆ, ಕಡಕ್ ಜೋಳದ ರೊಟ್ಟಿ, ಸುಟ್ಟ ಬ್ರೆಡ್ ಪುಡಿಯಾಗಿ ಇಳಿಯುತ್ತವೆ. ಅನ್ನ ಬಹಳ ಜನಕ್ಕೆ ತಿಂಗಳುಗಟ್ಟಲೆ ಒಗ್ಗುವುದಿಲ್ಲ.

ಮುದ್ದೆಯ ಬಗ್ಗೆ ಬೇರೆಯಾಗಿಯೇ ಹೇಳಬೇಕು. ಮಂಡ್ಯ, ತುಮಕೂರು, ಕೋಲಾರ, ಹಾಸನದ ಕಡೆ ಹುಟ್ಟಿ ಬೆಳೆದವರಿಗೆ ಮುದ್ದೆ ಬಿಟ್ಟರೆ ಊಟ ಮಾಡಿದ ಹಾಗೇ ಆಗುವುದಿಲ್ಲ. ಆದರೆ ಮುದ್ದೆ ಉಣ್ಣುವ ಕ್ರಮವೇ ಮುರಿದು, ಸಾರಿನಲ್ಲಿ ಹೊರಳಿಸಿ, ಅಗಿಯದೆ ನುಂಗುವುದು. ಅಗಿದರೆ ಹಲ್ಲಿಗೆ ಮೆತ್ತಿಕೊಳ್ಳುತ್ತದೆ ಎಂದು ಚಿಕ್ಕವರಿದ್ದಾಗಲೇ ಹೇಳಿಕೊಟ್ಟಿರುತ್ತಾರೆ. ನಲವತ್ತು ವರ್ಷ ಗಂಟಲಿಗೆ ಕಲಿಸಿದ ಆ ಪಾಠವೇ ಈಗ ಅಪಾಯ. ಒಂದೂವರೆ ಸೆಂಟಿಮೀಟರ್ ಬಾಯಿಗೆ ನೆಲ್ಲಿಕಾಯಿ ಗಾತ್ರದ ಅಂಟು ಉಂಡೆ ಹೋಗುವ ದಾರಿಯೇ ಇಲ್ಲ. ರಾಗಿ ಬಿಡಬೇಕಿಲ್ಲ. ತೆಳು ಅಂಬಲಿಯನ್ನು ದ್ರವದ ಹಂತದಲ್ಲೇ ಡಯಟೀಷಿಯನ್ ಒಪ್ಪಿದರೆ ಕುಡಿಯಬಹುದು, ಆಮೇಲೆ ತೆಳುವಾದ ರಾಗಿ ದೋಸೆ. ನನಗೆ ಮುದ್ದೆಗೆ ಮರಳಲು ಹದಿನಾಲ್ಕು ತಿಂಗಳು ಹಿಡಿಯಿತು. ಈಗಲೂ ಎರಡು ಬೆರಳಲ್ಲಿ ಕಡಲೆಕಾಳಿನಷ್ಟು ಮುರಿದು, ಬಸ್ಸಾರಿನಲ್ಲಿ ಕಿವುಚಿ, ಅಗಿದೇ ಉಣ್ಣುತ್ತೇನೆ. ಮೊದಲ ದಿನ ಮಾವನವರು ಅದನ್ನು ನೋಡಲಾಗದೆ ಮುಖ ತಿರುಗಿಸಿಕೊಂಡರು. ಈಗ ಅವರಿಗೂ ಅಭ್ಯಾಸವಾಗಿದೆ.

ಇವೆಲ್ಲ ಸರಿಯಿದ್ದೂ ಸಿಕ್ಕಿಕೊಂಡರೆ ಆಗ ಪದಾರ್ಥವನ್ನು ಹಿಡಿಯಿರಿ. ಅಲ್ಲಿ ಅಪರಾಧಿ ಹೆಚ್ಚಾಗಿ ನಾರು, ಸಿಪ್ಪೆ ಅಥವಾ ಪೊರೆ. ನುಗ್ಗೆಕಾಯಿಯ ನಾರು, ಗೋರಿಕಾಯಿ, ಹುರುಳಿಕಾಯಿಯ ಅಂಚಿನ ನಾರು, ಟೊಮೆಟೊ ಸಿಪ್ಪೆ, ಕಿತ್ತಳೆ ತೊಳೆಯ ಬಿಳಿ ಪೊರೆ, ದ್ರಾಕ್ಷಿ ಸಿಪ್ಪೆ, ಸೊಪ್ಪಿನ ದಂಟು, ಒಗ್ಗರಣೆಯ ಕರಿಬೇವು, ಕಾಯಿತುರಿ. ಇವು ಎಷ್ಟು ಅಗಿದರೂ ಕರಗುವುದಿಲ್ಲ. ಅಪರೂಪಕ್ಕೆ ನಾರೆಲ್ಲ ಒಳಗೆ ಹೆಣೆದುಕೊಂಡು ಉಂಡೆಕಟ್ಟುವುದೂ ಉಂಟು, ಅದನ್ನು ಹೆಚ್ಚಾಗಿ ಎಂಡೋಸ್ಕೋಪಿಯಲ್ಲಿ ಒಡೆದು ತೆಗೆಯುತ್ತಾರೆ. ಒಂದು ಸಮಾಧಾನವೆಂದರೆ ಸಿಪ್ಪೆ ತೆಗೆಯುವ ವಿದ್ಯೆ ನಮ್ಮಲ್ಲಿ ಮೊದಲೇ ಇದೆ. ಅವರೆಕಾಳನ್ನು ನೆನೆಹಾಕಿ ಹಿತುಕಿ, ಹಿತಕಿದ ಬೇಳೆ ಸಾರು ಮಾಡುವವರಿಗೆ ಇದನ್ನು ಬೇರೆ ಯಾರೂ ಕಲಿಸಬೇಕಿಲ್ಲ. ನುಣ್ಣಗೆ ಬೆಂದ ಹಿತಕಿದ ಬೇಳೆ ನನಗೆ ಮೂರನೇ ತಿಂಗಳಿಗೇ ಒಗ್ಗಿತ್ತು. ಸಿಪ್ಪೆ ಸಮೇತದ ಅವರೆಕಾಳು ವರ್ಷ ತುಂಬಿದ ಮೇಲೂ ಕಷ್ಟ.

ಹತ್ತರಿಂದ ಮೂವತ್ತು ನಿಮಿಷಕ್ಕೆ ಬಂದರೆ

ತುತ್ತು ಆರಾಮಾಗಿ ಇಳಿದಿದೆ, ಎದೆಯಲ್ಲಿ ಒತ್ತಿಲ್ಲ, ಆದರೆ ಹತ್ತು ನಿಮಿಷದಿಂದ ಅರ್ಧ ಗಂಟೆಯೊಳಗೆ ಬೆವರು, ಡವಡವ, ಹೊಟ್ಟೆ ಹಿಂಡುವುದು, ಭೇದಿ, ಮಲಗಿಬಿಡೋಣ ಅನ್ನಿಸುವ ಆಯಾಸ. ಇದು ಡಂಪಿಂಗ್. ಗಟ್ಟಿ ಸಿಹಿ ನೇರವಾಗಿ ಸಣ್ಣಕರುಳಿಗೆ ಸುರಿದಾಗ ಕರುಳು ಅದನ್ನು ತೆಳು ಮಾಡಲು ರಕ್ತದಿಂದ ನೀರೆಳೆದುಕೊಳ್ಳುತ್ತದೆ, ಜೊತೆಗೆ ಕರುಳಿನ ಹಾರ್ಮೋನುಗಳು ಒಮ್ಮೆಲೇ ಹೊರಬರುತ್ತವೆ. ಪಾನಕ, ಪಾಯಸ, ಜ್ಯೂಸ್, ಐಸ್‌ಕ್ರೀಂ ಇದಕ್ಕೆ ನೇರ ಕಾರಣ. ಸಲಾಡ್ ತಿಂದ ಮೇಲೆ ಹೀಗಾದರೆ ಸೊಪ್ಪನ್ನು ಬಿಟ್ಟು ಅದರ ಮೇಲೆ ಸುರಿದದ್ದನ್ನು ನೋಡಿ. ಹೋಟೆಲಿನ ಸಲಾಡ್ ಡ್ರೆಸ್ಸಿಂಗ್‌ನಲ್ಲಿ ಸಕ್ಕರೆ, ಜೇನುತುಪ್ಪ ಇರುತ್ತದೆ. ಹಣ್ಣಿನ ಸಲಾಡ್ ಅಂದರೆ ನಮ್ಮಲ್ಲಿ ಕಸ್ಟರ್ಡ್, ಐಸ್‌ಕ್ರೀಂ ಸೇರಿಯೇ ಬರುತ್ತದೆ.

ಅರ್ಧ ಗಂಟೆ ಮಲಗಿದರೆ ಸಾಮಾನ್ಯವಾಗಿ ಹಾದುಹೋಗುತ್ತದೆ. ನನ್ನ ರೋಗ ನಿರ್ಣಯ ಗಟ್ಟಿಯಾದದ್ದು ಜುಲೈನಲ್ಲಿ, ಒಂದು ಗೃಹಪ್ರವೇಶದಲ್ಲಿ. ಬಲವಂತಕ್ಕೆ ನಾಲ್ಕು ಚಮಚ ಶ್ಯಾವಿಗೆ ಪಾಯಸ ತಿಂದೆ. ಸಿಕ್ಕಿಕೊಳ್ಳಲಿಲ್ಲ, ಬಿಕ್ಕಳಿಕೆ ಇಲ್ಲ, ಆದರೆ ಇಪ್ಪತ್ತು ನಿಮಿಷಕ್ಕೆ ಅದೇ ಬೆವರು, ಅದೇ ಡವಡವ. ಏಪ್ರಿಲ್‌ನಲ್ಲಿ ಕೋಸಂಬರಿಯ ಮೇಲೆ ಹೊರಿಸಿದ್ದ ಅರ್ಧ ಆರೋಪ ಅವತ್ತು ಬಿದ್ದುಹೋಯಿತು.

ಒಂದರಿಂದ ಮೂರು ಗಂಟೆಗೆ ಬಂದರೆ

ಕೈ ನಡುಕ, ತಲೆ ಹಗುರ, ವಿಪರೀತ ಹಸಿವು, ಕಣ್ಣು ಮಂಜು. ಸಿಹಿ ಅಥವಾ ಬರೀ ಅನ್ನದಂಥ ಪಿಷ್ಟ ಬೇಗ ರಕ್ತಕ್ಕಿಳಿದು, ಇನ್ಸುಲಿನ್ ಅಗತ್ಯಕ್ಕಿಂತ ಹೆಚ್ಚು ಬಂದು, ಸಕ್ಕರೆ ಅಂಶ ಕುಸಿದಾಗ ಹೀಗಾಗುತ್ತದೆ. ಊಹಿಸಬೇಡಿ, ಗ್ಲೂಕೋಮೀಟರಿನಲ್ಲಿ ಅಳೆಯಿರಿ. 70 mg/dLಗಿಂತ ಕೆಳಗಿದ್ದರೆ ಕಡಿಮೆ, 54ಕ್ಕಿಂತ ಕೆಳಗೆ ಹೋದರೆ ಗಂಭೀರ. ಆ ಹೊತ್ತಿಗೆ ಸ್ವಲ್ಪ ಸಕ್ಕರೆ ಬೇಕೇ ಬೇಕು, ಆದರೆ ಅದರ ಬೆನ್ನಿಗೇ ಮೊಸರು, ಪನೀರ್, ಮೊಟ್ಟೆಯಂಥ ಪ್ರೋಟೀನ್ ಇಲ್ಲದಿದ್ದರೆ ಮತ್ತೆ ಕುಸಿಯುತ್ತದೆ. ಮತ್ತೆ ಮತ್ತೆ ಹೀಗಾದರೆ ಡಾಕ್ಟರಿಗೆ ತಿಳಿಸಿ. ಡಯಾಬಿಟಿಸ್‌ಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ಇದನ್ನು ಊಟದ ದೋಷ ಎಂದು ಕಾಯುತ್ತಾ ಕೂರಬಾರದು. ಆಪರೇಷನ್ ನಂತರ ಔಷಧದ ಪ್ರಮಾಣ ಇಳಿಸಬೇಕಾಗಿರುತ್ತದೆ, ಅವತ್ತೇ ಫೋನ್ ಮಾಡಿ.

ರಾತ್ರಿ, ಮರುದಿನ

ಗ್ಯಾಸ್ ಮತ್ತು ಉಬ್ಬರ ಬಂದರೆ ಹಸಿ ಬೇಳೆ, ಹಸಿ ಎಲೆಕೋಸು, ಈರುಳ್ಳಿ, ಮೂಲಂಗಿ. ಹಾಲು ಕುಡಿದ ಮೇಲೆಯೇ ಆಗುತ್ತಿದ್ದರೆ ಲ್ಯಾಕ್ಟೋಸ್, ಅಂದರೆ ಹಾಲಿನಲ್ಲಿರುವ ಸಕ್ಕರೆ. ಆಪರೇಷನ್ ನಂತರ ಕೆಲವರಿಗೆ ಹಾಲು ಹೊಸದಾಗಿ ಒಗ್ಗದಾಗುತ್ತದೆ, ಮೊಸರು ಒಗ್ಗುತ್ತದೆ. ಭೇದಿಯ ಜೊತೆ ಜ್ವರ ಇದ್ದರೆ ತೊಳೆಯದ ತರಕಾರಿ ನೆನಪಿಸಿಕೊಳ್ಳಿ. ಹಸಿಯಾಗಿ ತಿನ್ನುವುದನ್ನು ಹರಿಯುವ ನೀರಿನಲ್ಲಿ ಉಜ್ಜಿ ತೊಳೆಯಬೇಕು, ರಸ್ತೆಬದಿಯಲ್ಲಿ ಹೆಚ್ಚಿಟ್ಟ ಸೌತೆಕಾಯಿ, ಕಲ್ಲಂಗಡಿ ಬೇಡ. ಗುಟುಕಿನಲ್ಲಿ ನೀರು ಕುಡಿಯುವವರಿಗೆ ಒಂದೇ ದಿನದ ವಾಂತಿಭೇದಿಯೂ ನೀರು ಬತ್ತಿಸಿಬಿಡುತ್ತದೆ.

ಮಲಬದ್ಧತೆ ಬಂದ ಕೂಡಲೇ ಎಲ್ಲರೂ ನಾರಿನಂಶ ಕಡಿಮೆಯಾಯಿತು ಎನ್ನುತ್ತಾರೆ. ನನ್ನದರಲ್ಲಿ ಮೂರು ಕಾರಣ ಇದ್ದವು: ತರಕಾರಿ ಬಿಟ್ಟಿದ್ದು, ದಿನಕ್ಕೆ ಒಂದು ಲೀಟರೂ ನೀರು ಆಗದಿದ್ದದ್ದು, ಕಬ್ಬಿಣದ ಮಾತ್ರೆ. ಮೊದಲು ನೀರನ್ನು ಸರಿಮಾಡಿ. ನೀರಿಲ್ಲದೆ ನಾರು ಸೇರಿಸಿದರೆ ಇನ್ನೂ ಕಟ್ಟಿಕೊಳ್ಳುತ್ತದೆ. ಕಬ್ಬಿಣದ ಮಾತ್ರೆ ನಿಲ್ಲಿಸಬೇಡಿ, ಬೇರೆ ಬಗೆಯದು ಕೊಡಿ ಎಂದು ಕೇಳಿ. ಅದನ್ನು ಕ್ಯಾಲ್ಸಿಯಂ ಮಾತ್ರೆಯಿಂದ ಎರಡು ಗಂಟೆ ದೂರವಿಡಿ, ಕಾಫಿ ಟೀ ಜೊತೆ ನುಂಗಬೇಡಿ. ಇಲ್ಲದಿದ್ದರೆ ಮಲಬದ್ಧತೆ ಮಾತ್ರ ನಿಮ್ಮದಾಗುತ್ತದೆ, ಕಬ್ಬಿಣ ರಕ್ತ ಸೇರುವುದಿಲ್ಲ.

ವಾರದಿಂದ ವಾರಕ್ಕೆ ಹಿಂದೆ ಹೋಗುತ್ತಿದ್ದರೆ

ಇದು ಎಲ್ಲಕ್ಕಿಂತ ಸುಲಭವಾಗಿ ಕಣ್ತಪ್ಪುವ ದೋಷ. ಹೋದ ವಾರ ಇಡ್ಲಿ ಹೋಗುತ್ತಿತ್ತು, ಈ ವಾರ ಹೋಗುತ್ತಿಲ್ಲ. ಮೊನ್ನೆ ತಿಳಿಸಾರಿನಲ್ಲಿ ಕಿವುಚಿದ್ದು ಇಳಿಯಿತು, ಇವತ್ತು ಗಂಜಿ ಮಾತ್ರ. ಗಟ್ಟಿಯದು, ಮೆತ್ತನೆಯದು, ದ್ರವ ಎಂದು ಮೆಟ್ಟಿಲು ಇಳಿಯುತ್ತಾ ಬಂದರೆ ಹೊಲಿಗೆಯ ಬಾಯಿ ಕಿರಿದಾಗುತ್ತಿದೆ ಎಂದು ಅನುಮಾನಿಸಬೇಕು. ಬೈಪಾಸ್ ಆದವರಲ್ಲಿ ಇದು ಬಹುಪಾಲು ಮೊದಲ ಮೂರು ತಿಂಗಳೊಳಗೆ ಕಾಣಿಸಿಕೊಳ್ಳುತ್ತದೆ. ಅಗಿಯುವುದನ್ನು ನಲವತ್ತಕ್ಕೇರಿಸಿದರೂ ಇದು ಸರಿಹೋಗದು. ಎಂಡೋಸ್ಕೋಪಿಯಲ್ಲಿ ಬಲೂನ್ ಹಾಕಿ ಹಿಗ್ಗಿಸುತ್ತಾರೆ, ಕೆಲವರಿಗೆ ಎರಡು ಮೂರು ಸಲ ಬೇಕಾಗುತ್ತದೆ. ನನ್ನ ಜೊತೆಯಲ್ಲೇ ಆಪರೇಷನ್ ಆದ ಹೆಣ್ಣುಮಗಳೊಬ್ಬಳು ಐದು ವಾರ ಇದನ್ನು ತನ್ನ ಆತುರದ ತಪ್ಪೆಂದು ಬಗೆದು, ಮನೆಯವರ ಬೈಗುಳ ಕೇಳಿಕೊಂಡು ಸುಮ್ಮನಿದ್ದಳು. ಬಲೂನ್ ಹಾಕಿದ ಮೂರನೇ ದಿನ ಇಡ್ಲಿ ತಿಂದು ಫೋನ್ ಮಾಡಿ ಅತ್ತಳು. ನಿಮ್ಮ ಮನೆಯಲ್ಲಿ ಯಾರಾದರೂ ಹೀಗೆ ಹಿಂದೆ ಹೋಗುತ್ತಿದ್ದರೆ ಅವರನ್ನು ಬೈಯುವ ಮುಂಚೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ತಿಂದಾಗ ಮೇಲ್ಹೊಟ್ಟೆಯಲ್ಲಿ ಉರಿಯುವ, ಕೊರೆಯುವ ನೋವಿದ್ದರೆ ಹೊಲಿಗೆಯ ಜಾಗದಲ್ಲಿ ಹುಣ್ಣಾಗಿರಬಹುದು. ಬೀಡಿ ಸಿಗರೇಟು ಮತ್ತು ಮೈಕೈ ನೋವಿಗೆ ನುಂಗುವ ಐಬುಪ್ರೊಫೆನ್, ಡೈಕ್ಲೊಫೆನಾಕ್ ಥರದ ಮಾತ್ರೆಗಳು ಇದರ ದೊಡ್ಡ ಕಾರಣಗಳು. ಮೆಡಿಕಲ್ ಶಾಪಿನಲ್ಲಿ ಕೇಳಿ ತರುವ ನೋವಿನ ಮಾತ್ರೆ ಇನ್ನು ಮುಂದೆ ಬೇಡ. ಎಣ್ಣೆ ಜಿಡ್ಡಿನ ಊಟದ ನಂತರ ಬಲ ಪಕ್ಕೆಲುಬಿನ ಕೆಳಗೆ ನೋವು ಬಂದರೆ ಪಿತ್ತಕೋಶದ ಕಲ್ಲು ನೆನಪಿಗೆ ಬರಬೇಕು, ತೂಕ ಬೇಗ ಇಳಿದವರಲ್ಲಿ ಅದು ಹೆಚ್ಚು.

ತೊಂದರೆಯೇ ಕೊಡದ ಊಟ

ಖಾರ ಮಿಕ್ಸ್ಚರ್, ಕೋಡುಬಳೆ, ಬಿಸ್ಕತ್ತು, ಚಿಪ್ಸ್ ಸಾಮಾನ್ಯವಾಗಿ ಸಿಕ್ಕಿಕೊಳ್ಳುವುದಿಲ್ಲ. ಬಾಯಲ್ಲೇ ಕರಗಿ ಜಾರುತ್ತವೆ, ಹೊಟ್ಟೆ ತುಂಬಿದ ಸೂಚನೆಯೂ ಬರುವುದಿಲ್ಲ. ಸಿಕ್ಕಿಕೊಳ್ಳುವ ಭಯಕ್ಕೆ ಊಟ ಬಿಟ್ಟು ಇವುಗಳ ಮೇಲೆ ಬದುಕುವವರನ್ನು ನೋಡಿದ್ದೇನೆ. ತೂಕ ವಾಪಸ್ ಬರುತ್ತದೆ, ಪ್ರೋಟೀನ್ ಕುಸಿಯುತ್ತದೆ.

ಕೋಸಂಬರಿಗೆ ಮರಳಿದ ದಾರಿ

ಸಲಾಡ್ ಯಾವತ್ತೂ ಊಟದ ಕೊನೆಗೆ. ದಿನಕ್ಕೆ 60ರಿಂದ 80 ಗ್ರಾಂ ಪ್ರೋಟೀನ್ ಆಗಬೇಕಿರುವಾಗ ಪುಟ್ಟ ಚೀಲವನ್ನು ಮೊದಲು ಸೌತೆಕಾಯಿಯಿಂದ ತುಂಬಿಸಿದರೆ ಮೊಟ್ಟೆಗೆ, ಪನೀರಿಗೆ, ಬೇಳೆಗೆ ಜಾಗ ಉಳಿಯದು. ಒಂದು ಸಲಕ್ಕೆ ಒಂದೇ ಹೊಸ ಪದಾರ್ಥ, ಮೂರು ದಿನಕ್ಕೆ ಒಂದು, ಅದೂ ಮಧ್ಯಾಹ್ನದ ಊಟಕ್ಕೆ. ರಾತ್ರಿಯ ಪ್ರಯೋಗ ಕೆಟ್ಟರೆ ಮಲಗುವ ಹೊತ್ತಾಗಿರುತ್ತದೆ. ಬೆಳಿಗ್ಗೆ ನನಗೆ ಎದೆ ಬಿಗಿಯಾಗಿಯೇ ಇರುತ್ತದೆ, ಬಹಳ ಜನರೂ ಹಾಗೇ ಹೇಳುತ್ತಾರೆ. ಡೈರಿಯಲ್ಲಿ ನಾಲ್ಕೇ ಕಾಲಂ: ಹೊತ್ತು, ಏನು, ಎಷ್ಟು ಚಮಚ, ಹೇಗೆ ತಿಂದೆ.

ನಾನು ಮಾಡಿದ್ದು ಇಷ್ಟು. ಮೊದಲು ಹಬೆಯಲ್ಲಿ ಬೇಯಿಸಿ ತುರಿದ ಕ್ಯಾರೆಟ್, ಬೆಂದ ಬೀಟ್‌ರೂಟ್ ಮೊಸರಿನಲ್ಲಿ ಒಂದು ಚಮಚ. ಅದು ಒಗ್ಗಿದ ಮೇಲೆ ಸೌತೆಕಾಯಿ, ಸಿಪ್ಪೆ ಹೆರೆದು, ಉದ್ದಕ್ಕೆ ಸೀಳಿ, ಬೀಜದ ತಿರುಳನ್ನು ಚಮಚದಲ್ಲಿ ಕೆರೆದು, ಉಳಿದದ್ದನ್ನು ಹೆಸರುಕಾಳಿನಷ್ಟು ಸಣ್ಣಗೆ ಹೆಚ್ಚಿ. ಟೊಮೆಟೊವನ್ನು ಕುದಿನೀರಿನಲ್ಲಿ ಒಂದು ನಿಮಿಷ ಅದ್ದಿದರೆ ಸಿಪ್ಪೆ ತಾನೇ ಸುಲಿದು ಬರುತ್ತದೆ. ಆಮೇಲೆ ಸಲಾಡ್ ಸೊಪ್ಪಿನ ಒಳಗಿನ ಎಳೆಯ ಎಲೆ, ನಡುವಿನ ದಂಟು ಕಿತ್ತು. ಹೆಸರುಬೇಳೆಯನ್ನು ಎರಡು ಗಂಟೆ ನೆನೆಸಿ, ಐದು ನಿಮಿಷ ಹಬೆಯಲ್ಲಿಟ್ಟು, ಕಾಯಿತುರಿ ಹಾಕದೆ, ನಿಂಬೆರಸ, ಉಪ್ಪು, ಇಂಗು ಮಾತ್ರ. ಮೊಳಕೆಕಾಳನ್ನು ಹಸಿಯಾಗಿ ತಿನ್ನುವುದನ್ನು ನಾನು ಪೂರ್ತಿ ಬಿಟ್ಟಿದ್ದೇನೆ. ಹಸಿ ಎಲೆಕೋಸು ಇನ್ನೂ ಒಗ್ಗಿಲ್ಲ. ಒಂದು ಸಲ ಒಗ್ಗದ್ದನ್ನು ಡೈರಿಯಲ್ಲಿ ಹೊಡೆದುಹಾಕುವುದಿಲ್ಲ, ಪಕ್ಕದಲ್ಲಿ ಆರು ವಾರ ಬಿಟ್ಟು ಬರುವ ತಾರೀಕು ಬರೆಯುತ್ತೇನೆ.

2025ರ ಏಪ್ರಿಲ್ 6ರಂದು ಮತ್ತೆ ರಾಮನವಮಿ ಬಂತು. ಕಾಯಿತುರಿ ಬೆರೆಸುವ ಮುಂಚೆ ಅತ್ತೆ ಸ್ಟೀಲಿನ ಚಿಕ್ಕ ಬಟ್ಟಲಲ್ಲಿ ನನ್ನ ಪಾಲು ತೆಗೆದಿಟ್ಟಿದ್ದರು. ಬೇಳೆಯನ್ನು ಹಬೆಯಲ್ಲಿ ಇಟ್ಟದ್ದೂ ಅವರೇ. "ಕುಂತ್ಕೊಂಡು ತಿನ್ನವ್ವ, ಹಂಚೋದು ನಾನು ನೋಡ್ಕತೀನಿ" ಅಂದರು. ಅವತ್ತಿನ ಡೈರಿ ಹೀಗಿದೆ: 12.40, ಪನೀರ್ ನಾಲ್ಕು ತುಂಡು. 12.55, ಕೋಸಂಬರಿ ಎರಡು ಚಮಚ, ಕೂತು. ಪಾನಕ ಇಲ್ಲ. 1.30ಕ್ಕೆ ನೀರುಮಜ್ಜಿಗೆ, ಅರ್ಧ ಲೋಟ.